ಕೂತವನ ಮುಖದೆತ್ತರಕ್ಕೆ

ಹೋದ ತಿಂಗಳು ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಹಳೆಯ ಮೇಜು ಕುರ್ಚಿ ಮಾರುವ ಒಂದು ಅಂಗಡಿಗೆ ಹೊಕ್ಕಿದ್ದೆ. ಬೇಕಾಗಿದ್ದದ್ದು ಒಂದು ಆರಾಮ ಕುರ್ಚಿ. ಕಪಾಟುಗಳ ಹಿಂದೆ ಗೋಡೆಗೆ ಒರಗಿಸಿಟ್ಟ ದೊಡ್ಡ ಕನ್ನಡಿ ಕಂಡು ಕಾಲು ನಿಂತುಬಿಟ್ಟಿತು. ‘ಬಾರಿನ ಗೋಡೆಯಿಂದಲೇ ಕಿತ್ತು ತಂದ ಮಾಲು ಸಾರ್, ಲೈಟು ಕೂಡ ಉರಿಯುತ್ತೆ’ ಎಂದು ಅಂಗಡಿಯವನು ತೆಲುಗಿನಲ್ಲಿ ಹೇಳಿ ಪ್ಲಗ್ಗು ಸಿಕ್ಕಿಸಿದ. ಒಳಗಿನ ಟ್ಯೂಬ್‌ಲೈಟು ಮಿಟುಕಿ ಮಿಟುಕಿ ಹೊತ್ತಿಕೊಂಡಿತು. ಚೋಕು ಗುಂಯ್‌ಗುಟ್ಟಿತು. ಬಿಸಿಯಾದ ಧೂಳಿನ ಕಮಟು ಮೂಗಿಗೆ ಬಡಿಯಿತು... ಅದರ ಹಿಂದೆಯೇ, ಅಲ್ಲಿ ಇರಲು ಸಾಧ್ಯವೇ ಇಲ್ಲದ ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆಯೂ ಬಂದಂತಾಯಿತು. ಅದು ಪಟಮಟದ ಆ ಮನೆಯ ವಾಸನೆ. ಅಕ್ಕನ ಕೈಯ ವಾಸನೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಾನು ಔಷಧಿ ಕಂಪನಿಯೊಂದರ ರೆಪ್ರೆಸೆಂಟೇಟಿವ್ ಆಗಿ ವಿಜಯವಾಡಕ್ಕೆ ಬಂದು, ಪಟಮಟದಲ್ಲಿ ಒಂದು ಮಹಡಿ ಕೋಣೆ ಹಿಡಿದಿದ್ದೆ. ಕೆಳಗಿನ ಮನೆ ಅವಳದು. ಬಂದ ದಿನವೇ ನನ್ನ ಟ್ರಂಕು ಮೆಟ್ಟಿಲಿನಿಂದ ಜಾರಿ ಬಿತ್ತು. ನಾನು ಅಚ್ಚ ಕನ್ನಡದಲ್ಲಿ ಅದರ ವಂಶವನ್ನೆಲ್ಲ ಜಾಲಾಡಿದೆ. ಕೆಳಗಿನಿಂದ ಒಬ್ಬ ಹೆಂಗಸು ಬ್ಲೇಡು ಹಿಡಿದ ಕೈಯಲ್ಲೇ ಓಡಿ ಬಂದಳು. ‘ಅಯ್ಯೋ ನಮ್ಮ ಭಾಷೆ! ಬೈಯಪ್ಪಾ, ಇನ್ನೊಂದಿಷ್ಟು ಬೈಯಿ. ಕನ್ನಡದ ಬೈಗಳ ಕೇಳಿ ಯಾವ ಕಾಲ ಆಗಿತ್ತು!’ ಬಳ್ಳಾರಿ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಆವತ್ತಿನಿಂದ ಅವಳು ಅಕ್ಕ, ನಾನು ತಮ್ಮ.

ಅವಳ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ತೆಲುಗಿನವರು. ಮೊದಲು ಬೋರ್ಡು ಬರೆಯುತ್ತಿದ್ದವರು, ಆಮೇಲೆ ಬಾರುಗಳಿಗೆ ಬೆಳಕಿನ ಕನ್ನಡಿ ಮಾಡತೊಡಗಿದರು. ಆಗ ಹೊಸ ಬಾರು ತೆರೆದವರಿಗೆಲ್ಲ ಗೋಡೆ ತುಂಬ ಅಂಥ ಕನ್ನಡಿ ಬೇಕಿತ್ತು. ಕನ್ನಡಿಯ ಬೆನ್ನಿನ ಬಣ್ಣವನ್ನೂ ಬಿಂಬ ಕೊಡುವ ರಸವನ್ನೂ ಚಿತ್ರದ ಗೆರೆಯುದ್ದಕ್ಕೂ ಬ್ಲೇಡಿನಿಂದ ಕೆರೆದು, ಕೆರೆದಲ್ಲಿ ಗಾಜಿನ ಬಣ್ಣ ಹಚ್ಚಿ, ಹಿಂದೆ ಟ್ಯೂಬ್‌ಲೈಟಿನ ಪೆಟ್ಟಿಗೆ ಕೂರಿಸಿದರೆ ನವಿಲು, ದ್ರಾಕ್ಷಿ ಬಳ್ಳಿ ಎಲ್ಲ ಉರಿಯುತ್ತವೆ. ಭಾವನ ಕೈ ಕುಡಿತಕ್ಕೆ ನಡುಗಲು ಶುರುವಾದ ಮೇಲೆ ಕೆರೆಯುವುದು, ಬಣ್ಣ ತುಂಬುವುದು ಪೂರ್ತಿ ಅಕ್ಕನ ಪಾಲಿಗೆ ಬಂತು. ಅವರು ಅಳತೆ ತರುವುದು, ಗೋಡೆಗೆ ಕೂರಿಸಿ ಬರುವುದು, ಅಲ್ಲೇ ಕೂತು ಕುಡಿದು ಬರುವುದು. ತಾನು ಮಾಡಿದ ಒಂದೇ ಒಂದು ಕನ್ನಡಿಯೂ ಬಾರಿನಲ್ಲಿ ಉರಿಯುವುದನ್ನು ಅಕ್ಕ ನೋಡಿರಲಿಲ್ಲ. ಹೆಂಗಸು ಬಾರಿಗೆ ಹೋಗುವುದುಂಟೇ?

ಮಧ್ಯಾಹ್ನ ಮುಖ ತೊಳೆಯಲು ಹೋಗುವಾಗ ಹಣೆಯ ಸ್ಟಿಕ್ಕರ್ ಬೊಟ್ಟನ್ನು ಕಿತ್ತು, ಕೈಯಲ್ಲಿದ್ದ ಕನ್ನಡಿಯ ಅಂಚಿಗೇ ಅಂಟಿಸಿ ಹೋಗುತ್ತಿದ್ದಳು. ಮಣ್ಣಿನ ಬಣ್ಣದ, ಉದ್ದನೆಯ, ಅಕ್ಕಿಕಾಳಿನಂಥ ಬೊಟ್ಟು. ಅದೇ ಬೇಕು, ಬೇರೆಯದು ಕೊಟ್ಟರೆ ಅಂಗಡಿಯವನಿಗೆ ವಾಪಸ್ಸು. ‘ನಿಮ್ಮಕ್ಕ ಒಂದು ದಿನ ಬೊಟ್ಟಿನ ಸಮೇತ ಬಾರಿಗೆ ಹೋಗಿಬಿಡ್ತಾಳೆ ನೋಡು ತಮ್ಮುಡು’ ಎಂದು ಭಾವ ರೇಗಿಸುತ್ತಿದ್ದರು. ಹೆಂಡತಿಯಿಂದ ಕಲಿತ ಕನ್ನಡ, ಚೆನ್ನಾಗಿಯೇ ಆಡುತ್ತಿದ್ದರು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಕುಡುಕ ಎಂದು ಮೂಗು ಮುರಿಯುತ್ತೀರಿ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಭಾವನ ಹುಣ್ಣು ಇಡೀ ಪಟಮಟಕ್ಕೆ ಕಾಣುತ್ತಿತ್ತು, ಅವರೊಬ್ಬರಿಗೇ ಕಾಣುತ್ತಿರಲಿಲ್ಲ. ನಾನೇ ಅವರನ್ನು ಗುರುತಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿದ್ದೆ. ಲಿವರ್ ಕೆಟ್ಟಿದೆ, ಇನ್ನು ಮುಟ್ಟಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖದ ಮೇಲೇ ಹೇಳಿದರು. ಭಾವ ಕೈಮುಗಿದು, ತೆಲುಗಿನಲ್ಲಿ ‘ಸರೇನಂಡಿ’, ಆಗಲಿ ಎಂದು ಹೇಳಿ, ಸಂಜೆ ಮಾಮೂಲಿ ಬಾರಿಗೇ ಹೋದರು. ಅಕ್ಕ ಅತ್ತಳು, ಬೈದಳು, ಉಪವಾಸ ಬಿದ್ದಳು, ಕನಕದುರ್ಗಮ್ಮನಿಗೆ ಹರಕೆ ಹೊತ್ತಳು. ಏನೂ ಆಗಲಿಲ್ಲ.

ಹೀಗಿರುವಾಗಲೇ ಆ ಮಾಮೂಲಿ ಬಾರಿನ ಯಜಮಾನ ಹೊಸ ಕನ್ನಡಿ ಮಾಡಿಸಲು ಹೇಳಿ ಕಳಿಸಿದ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿದ ಒಂಟಿ ಮೇಜು ಭಾವನ ಜಾಗ. ಕನ್ನಡಿ ಬರುವುದೂ ಅದೇ ಗೋಡೆಗೆ.

ಬಾರಿನ ಕನ್ನಡಿಗೆ ಒಂದು ಕಟ್ಟಳೆ ಇದೆ. ಬರೀ ಕನ್ನಡಿಯನ್ನು ಮೇಲುಗಡೆ ಬಿಡಬಹುದು, ಕೂತವನ ಮುಖದ ಎತ್ತರಕ್ಕೆ ಮಾತ್ರ ಎಲೆ, ಬಳ್ಳಿ, ಹೂವು ಒತ್ತೊತ್ತಾಗಿ ತುಂಬಿರಬೇಕು. ‘ಕುಡಿಯಾಕೆ ಕೂತೋನಿಗೆ ಅವನ ಮುಖ ಕಾಣಬಾರದು ತಮ್ಮಾ. ಕಂಡ್ರೆ ನಾಚಿಕೆಯಾಗಿ ಎದ್ದು ಮನಿಗೆ ಹೋಗ್ತಾನಂತೆ. ಬಾರಿನೋರು ಮೊದ್ಲು ಹೇಳೋದೇ ಇದನ್ನ’ ಎಂದಳು ಅಕ್ಕ. ಹೇಳುತ್ತಲೇ ದ್ರಾಕ್ಷಿ ಬಳ್ಳಿಯ ನಡುವೆ ತಟ್ಟೆಯಗಲದ ಒಂದು ಗುಂಡು ಜಾಗವನ್ನು ಕೆರೆಯದೆ ಬರೀ ಕನ್ನಡಿಯಾಗಿ ಹಾಗೇ ಬಿಟ್ಟಳು. ಸರಿಯಾಗಿ ಭಾವನ ಮುಖದ ಎತ್ತರಕ್ಕೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಅಳತೆ ನೋಡಿದಳು. ‘ಮನಿಗೆ ಬರ್ಲಿ ಅಂತ್ಲೇ’ ಎಂದಳು.

ಕನ್ನಡಿ ಹೋಯಿತು. ಕೆಲವು ದಿನ ಭಾವ ಸಮಾಧಾನದಿಂದ ಮನೆಗೆ ಬಂದರು, ಗಲಾಟೆಯಿಲ್ಲ, ಊಟವನ್ನೂ ಮಾಡಿದರು. ಅಕ್ಕನ ಮುಖ ನೋಡಬೇಕಿತ್ತು ಆಗ! ಮಂಡಕ್ಕಿ ಒಗ್ಗರಣೆ ಮಾಡಿ ಮಹಡಿಗೆ ತಂದುಕೊಟ್ಟಳು. ಅದೇ ಹೊತ್ತಿಗೆ ಯಜಮಾನನ ನೆಂಟರು ವಿಶಾಖಪಟ್ಟಣದ ತಮ್ಮ ಮೂರು ಬಾರುಗಳಿಗೂ ಅಂಥದೇ ಗುಂಡು ಬಿಟ್ಟ ಕನ್ನಡಿ ಬೇಕೆಂದರು. ಅಕ್ಕ ಮೂರನ್ನೂ ವ್ರತ ಹಿಡಿದವಳ ಹಾಗೆ ಕೂತು ಮಾಡಿದಳು. ‘ಅಲ್ಲೂ ಯಾರ್ಯಾರು ಮನಿ ಬಾಗ್ಲಾಗೆ ಕಾಯ್ತಿರ್ತಾರೋ, ಪಾಪ’ ಎಂದಳು. ಭಾವ ರೈಲಿನಲ್ಲಿ ಹೋಗಿ ಕೂರಿಸಿ ಬಂದರು.

ಒಂದು ಭಾನುವಾರ ಬೆಳಿಗ್ಗೆ ಜಗುಲಿಯಲ್ಲಿ ಕಡಲೆಕಾಯಿ ಸುಲಿಯುತ್ತ ಭಾವ ನನಗೆ ಹೇಳಿದರು, ‘ನಂಗೀಗ ಅಲ್ಲೊಬ್ಬ ಸ್ನೇಹಿತ ಸಿಕ್ಕಿದ್ದಾನೆ ತಮ್ಮುಡು. ಮಾತಾಡಲ್ಲ. ನಾನು ಗ್ಲಾಸೆತ್ತಿದ್ರೆ ತಾನೂ ಎತ್ತುತಾನೆ. ಅವನೊಬ್ಬನನ್ನೇ ಬಿಟ್ಟು ಎದ್ದು ಬರೋಕೆ ಮನಸ್ಸಾಗಲ್ಲ.’ ನಾನು ನಕ್ಕೆ. ಒಳಗೆ ಬ್ಲೇಡು ಕೆರೆಯುವ ಸದ್ದು ನಿಂತಿತು. ಅಕ್ಕ ನಗಲಿಲ್ಲ.

ಮೊದಲು ಒಂಟಿತನಕ್ಕೆ ಬೇಸತ್ತಾದರೂ ಏಳುತ್ತಿದ್ದವರು, ಈಗ ಜೊತೆ ಸಿಕ್ಕಿತೆಂದು ಇನ್ನಷ್ಟು ಹೊತ್ತು ಕೂರುತ್ತಿದ್ದರು, ಇನ್ನಷ್ಟು ಕುಡಿಯುತ್ತಿದ್ದರು. ಅವರೊಬ್ಬರೇ ಅಲ್ಲ. ಕನ್ನಡಿ ಬದಲಾಯಿಸಿಕೊಡುತ್ತೇನೆ ಎಂದು ಅಕ್ಕ ಯಜಮಾನನ ಮನೆಗೇ ಹೋಗಿ ಕೇಳಿಕೊಂಡಾಗ ಅವನು, ‘ಎಂಥ ಮಾತಮ್ಮಾ! ಒಂಟಿಯಾಗಿ ಬರೋರೆಲ್ಲ ಈಗ ಆ ಮೇಜೇ ಬೇಕು ಅಂತ ಕಾಯ್ತಾರೆ’ ಎಂದನಂತೆ. ಅದನ್ನು ಕೇಳಿ ಬಂದವಳು ನೆಲಕ್ಕೆ ಕುಸಿದು ಕೂತಳು. ಅಂಥ ಮುಖವನ್ನು ನಾನು ಆಸ್ಪತ್ರೆಗಳಲ್ಲಿ ಮಾತ್ರ ನೋಡಿದ್ದೆ. ‘ನನ್ನ ಕೈಯ್ಯಾರೆ ಅವರಿಗೆ ಜೊತೆಗಾರನ್ನ ಮಾಡಿ ಕೊಟ್ನಲ್ಲೋ ತಮ್ಮಾ...’

ಮರುದಿನ ಮಟಮಟ ಮಧ್ಯಾಹ್ನ, ಬಾರಿನಲ್ಲಿ ಗಿರಾಕಿಗಳಿಲ್ಲದ ಹೊತ್ತು, ಟ್ಯೂಬು ಸರಿಮಾಡಬೇಕೆಂದು ನೆಪ ಹೇಳಿ ಅಕ್ಕ ನನ್ನ ಜೊತೆ ಒಳಗೆ ಬಂದಳು. ಚೀಲದಲ್ಲಿ ಸುತ್ತಿಗೆಯಿತ್ತು. ಒಡೆದೇ ತೀರುತ್ತೇನೆಂದು ದಾರಿಯುದ್ದಕ್ಕೂ ಹೇಳಿದ್ದಳು. ಸಪ್ಲೈಯರ್ ಸ್ವಿಚ್ಚು ಒತ್ತಿದ. ಕತ್ತಲೆಯ ಕೋಣೆಯಲ್ಲಿ ಬಳ್ಳಿ, ಗೊಂಚಲು, ನವಿಲು ಒಮ್ಮೆಲೇ ಹೊತ್ತಿಕೊಂಡವು. ಅಕ್ಕ ಭಾವನ ಕುರ್ಚಿಯಲ್ಲಿ ಕೂತುಬಿಟ್ಟಳು. ‘ಎಷ್ಟು ಚಂದ ಮಾಡೀನಲ್ಲೋ...’ ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಸುತ್ತಿಗೆ ಎತ್ತಲು ಆಗಲಿಲ್ಲ. ಕೊನೆಗೆ ಕನ್ನಡಿಯನ್ನು ಕಪಾಟಿನ ಬಾಗಿಲಿನಂತೆ ತೆರೆದು, ಬೆನ್ನಿನ ಕಡೆಯಿಂದ ಬ್ಲೇಡು ಹಾಕಿ ಆ ಗುಂಡಿನ ರಸವನ್ನೆಲ್ಲ ಕೆರೆದು ಹಾಕಿದಳು. ಮುಚ್ಚಿದ ಮೇಲೆ ಅಲ್ಲಿ ಮುಖವಿಲ್ಲ, ಕಣ್ಣು ಕುಕ್ಕುವ ಬಿಳಿ ಬೆಳಕಷ್ಟೇ.

ಆವತ್ತು ದೀಪ ಹಚ್ಚುವ ಮೊದಲೇ ಭಾವ ಮನೆಗೆ ಬಂದರು. ಕುಡಿದಿರಲಿಲ್ಲ. ‘ವಾಡು ಪೋಯಾಡು’ ಎಂದರು. ಅವನು ಹೋಗಿಬಿಟ್ಟ ಎಂದು. ಅಂಗಳದ ನಲ್ಲಿಯ ಕೆಳಗೆ ಕೂತು, ಮಣ್ಣು ಮಾಡಿ ಬಂದವರ ಹಾಗೆ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡರು. ಅಕ್ಕ ಅವರ ಭುಜ ಹಿಡಿದು ಅಲುಗಿಸಿದಳು. ‘ಅದು ನೀವೇ ರೀ! ನಿಮ್ಮ ಮುಖಾನೇ! ನಾನೇ ಕೆರೆದು ಬಂದೆ!’

‘ನಂಗೆ ಗೊತ್ತಿಲ್ವಾ?’ ಎಂದರು ಭಾವ, ನೀರು ಸೋರುವ ಮುಖದಲ್ಲಿ. ‘ಬೈಯದೆ ನನ್ನನ್ನ ನೋಡ್ತಿದ್ದೋನು ಅವನೊಬ್ಬನೇ.’

ಅಕ್ಕನ ಕೈ ತಾನಾಗಿಯೇ ಕೆಳಗಿಳಿಯಿತು. ಮೆಟ್ಟಿಲ ಮೇಲೆ ನಿಂತಿದ್ದ ನಾನು ಇಳಿದು ಹೋಗಿ ನಲ್ಲಿ ನಿಲ್ಲಿಸಿದೆ. ಆ ವಾರದಲ್ಲೇ ಒಂದು ಬೆಳಿಗ್ಗೆ ಭಾವ ಕ್ಷೌರ ಮಾಡಿಸಿಕೊಂಡು, ಒಗೆದ ಅಂಗಿ ತೊಟ್ಟು, ವಿಶಾಖಪಟ್ಟಣದ ರೈಲು ಹತ್ತಿದರು. ಅಲ್ಲಿ ಮೂರು ಕಡೆ ಅವನಿದ್ದಾನೆಂದು ಅವರಿಗೆ ಗೊತ್ತಿತ್ತು. ಮನೆಗೆ ಮತ್ತೆ ಬರಲಿಲ್ಲ.

ಪೊಲೀಸರಿಗೆ ದೂರು ಕೊಟ್ಟಿದ್ದಾಯಿತು. ನನಗೂ ವಿಶಾಖಪಟ್ಟಣಕ್ಕೇ ವರ್ಗವಾಯಿತು. ಹನಿ ಕುಡಿಯದ ನಾನು ಭಾವನ ಫೋಟೋ ಇಟ್ಟುಕೊಂಡು ಬಾರಿನಿಂದ ಬಾರಿಗೆ ಅಲೆದೆ. ‘ಮೊನ್ನೆವರೆಗೂ ಬರ್ತಿದ್ರು ಸಾರ್, ಕನ್ನಡಿ ಮುಂದೆ ಕೂರ್ತಿದ್ರು’ ಎನ್ನುತ್ತಿದ್ದರು. ಎಲ್ಲಿಗೆ ಹೋದರೂ ಅದೇ ಉತ್ತರ. ಅಕ್ಕ ಓಡಿ ಬರುತ್ತಿದ್ದಳು, ಬಾಗಿಲಲ್ಲಿ ನಿಂತು ಫೋಟೋ ತೋರಿಸುತ್ತಿದ್ದಳು, ಬರಿಗೈಯಲ್ಲಿ ರೈಲು ಹತ್ತುತ್ತಿದ್ದಳು. ಅಷ್ಟರಲ್ಲಿ ಬಾರುಗಳಿಗೆ ಕನ್ನಡಿಯ ಹುಚ್ಚು ಬಿಟ್ಟು ಟಿ.ವಿ. ಹುಚ್ಚು ಹಿಡಿದಿತ್ತು. ಕಿತ್ತು ಹಾಕಿದ ಎರಡು ಕನ್ನಡಿಗಳನ್ನು ಅಕ್ಕ ಕಾಡಿ ಬೇಡಿ ತೆಗೆದುಕೊಂಡು ಹೋಗಿ ನಡುಮನೆಯಲ್ಲಿ ನಿಲ್ಲಿಸಿಕೊಂಡಳು. ಮೂರನೆಯ ಬಾರು ಮುಚ್ಚಿಯೇ ಹೋಗಿತ್ತು, ಕನ್ನಡಿ ಯಾರ ಪಾಲಾಯಿತೋ ತಿಳಿಯಲಿಲ್ಲ. ‘ಅದು ಎಲ್ಲೈತೋ ಅಲ್ಲೇ ಅವರು ಇರ್ತಾರೆ, ಬಿಡಬ್ಯಾಡ ತಮ್ಮಾ, ಹುಡುಕು’ ಎಂದು ಫೋನಿನಲ್ಲಿ ಅಂಗಲಾಚುತ್ತಿದ್ದಳು. ಇನ್ನು ಬೊಟ್ಟು ತೆಗೆ ಎಂದು ನೆಂಟರು ಹೇಳಿದ್ದಕ್ಕೆ, ‘ಹೆಣ ನೋಡಿದೋರು ಬಂದು ಹೇಳ್ಲಿ, ಆವಾಗ ತೆಗೀತೀನಿ’ ಎಂದು ಬಾಗಿಲು ಹಾಕಿಕೊಂಡಳಂತೆ.

ಆಮೇಲೆ ನನ್ನನ್ನು ದೂರದ ಊರಿಗೆ ಹಾಕಿದರು. ಅಕ್ಕನ ಫೋನು ಒಂದು ದಿನ ಬರೀ ರಿಂಗಾಗಿ, ಇನ್ನೊಂದು ದಿನ ಅದೂ ಆಗದೆ ನಿಂತಿತು. ರಜೆ ಹಾಕಿ ಪಟಮಟಕ್ಕೆ ಹೋದರೆ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಏಳುತ್ತಿತ್ತು. ಎದುರಿನ ಮನೆಯವರು, ಆಯಮ್ಮ ಗಂಡನನ್ನು ಹುಡುಕಿಕೊಂಡು ಹೋದಳು ಎಂದರು. ಎಲ್ಲಿಗೆ? ಯಾರಿಗೂ ಗೊತ್ತಿರಲಿಲ್ಲ...

ಅಂಗಡಿಯವನು ‘ಕೂತು ನೋಡಿ ಸಾರ್’ ಎಂದು ಒಂದು ಕುರ್ಚಿ ಎಳೆದು ಕೊಟ್ಟ. ಕೂತೆ. ದ್ರಾಕ್ಷಿ ಗೊಂಚಲುಗಳ ನಡುವೆ ನನ್ನ ಮುಖ ಬಂತು. ಕೂದಲು ನರೆತ, ಕಣ್ಣ ಕೆಳಗೆ ಚೀಲ ಬಿದ್ದ ಮುಖ. ಭಾವನಿಗೆ ಆಗ ಎಷ್ಟು ವಯಸ್ಸಾಗಿತ್ತೋ ಈಗ ನನಗೆ ಅದಕ್ಕಿಂತ ಹೆಚ್ಚಾಗಿದೆ. ಗುಂಡನ್ನು ಯಾರೂ ಕೆರೆದಿರಲಿಲ್ಲ. ಅದರ ಅಂಚಿನಲ್ಲಿ, ಕನ್ನಡಿಯ ಮುಂಭಾಗಕ್ಕೆ, ಏನೋ ಅಂಟಿಕೊಂಡಿತ್ತು. ಬಗ್ಗಿ ನೋಡಿದೆ. ಉದ್ದನೆಯ, ಅಕ್ಕಿಕಾಳಿನಂಥ ಬೊಟ್ಟು. ಮಣ್ಣಿನ ಬಣ್ಣ ಮಾಸಿ ಹೋಗಿತ್ತು.

ಪಟಮಟದಲ್ಲೇ ಅಂಟಿಕೊಂಡು ಬಂದದ್ದಲ್ಲ ಅದು. ಕನ್ನಡಿ ಕೂರಿಸಿದವನು ಪ್ರತಿ ಸಲ ಒರೆಸಿ ಹೊಳಪು ಬರಿಸದೆ ಬಿಡುತ್ತಿರಲಿಲ್ಲ, ಭಾವ ಅದರಲ್ಲಿ ಮಹಾ ಶಿಸ್ತು. ಬಾರಿನ ಗೋಡೆಯಿಂದಲೇ ಬಂದ ಇದು ಅಕ್ಕ ಮನೆಗೆ ಒಯ್ದ ಎರಡರಲ್ಲೊಂದೂ ಅಲ್ಲ, ಆ ಮೂರನೆಯದು. ಅಂದರೆ ಅಕ್ಕ ಇದನ್ನು ಹುಡುಕಿ ಕಂಡುಹಿಡಿದಿದ್ದಳು. ಒಬ್ಬಳೇ ಎಲ್ಲೋ ಯಾವುದೋ ಬಾರಿನೊಳಗೆ ಹೋಗಿ, ಇದರ ಮುಂದೆ ಕೂತು, ಈ ಸಲ ಬ್ಲೇಡು ಹಾಕದೆ ಅವನನ್ನು ಅಲ್ಲೇ ಉಳಿಸಿ ಹೋಗಿದ್ದಳು. ಭಾವ ಬಂದರೆ ನೋಡಲಿ ಎಂದು ಬೊಟ್ಟು ಅಂಟಿಸಿದಳೋ, ಹೆಣ ನೋಡಿದವರು ಯಾರಾದರೂ ಹೇಳಿದ್ದರಿಂದ ಅಲ್ಲೇ ತೆಗೆದಳೋ... ಯಾರನ್ನು ಕೇಳಲಿ?

‘ಗಲೀಜು ಸಾರ್, ಕಿತ್ತು ಒರೆಸಿಕೊಡ್ತೀನಿ’ ಎಂದು ಅಂಗಡಿಯವನು ಬೊಟ್ಟಿಗೆ ಉಗುರು ಹಚ್ಚಿದ. ನಾನು ಅವನ ಕೈಯನ್ನು ಹಿಡಿದುಕೊಂಡುಬಿಟ್ಟೆ. ಅವನು ಬೆಚ್ಚಿ, ‘ಯಾರದು ಸಾರ್ ಅದು?’ ಎಂದ.

‘ನಮ್ಮಕ್ಕಂದು’ ಎಂದೆ, ಕನ್ನಡದಲ್ಲಿ. ಅವನಿಗೆ ಅರ್ಥವಾಗಲಿಲ್ಲ. ಅವನ ಕೈ ಬಿಡದೆಯೇ, ಕನ್ನಡಿಗೆ ಎಷ್ಟು ಎಂದು ತೆಲುಗಿನಲ್ಲಿ ಕೇಳಿದೆ.