ರೀಲು ತೊಳೆಯುವ ನೀರು

ಊರಿನಲ್ಲಿ ಯಾವ ಕಟ್ಟಡದ ಲಿಫ್ಟು ಕೈಕೊಟ್ಟರೂ ಜನ ಕೂಗಿ ಕರೆಯುತ್ತಿದ್ದದ್ದು ಅವರನ್ನೇ. ಹಾಗಾಗಿ ಲಿಫ್ಟಣ್ಣ ಎಂಬ ಹೆಸರು ಅಂಟಿಕೊಂಡಿತು. ಹೆತ್ತವರು ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲಷ್ಟೇ ಉಳಿಯಿತು. ಜೀವಮಾನವಿಡೀ ಕತ್ತಲ ಗೂಡಿನೊಳಗೆ ಉಕ್ಕಿನ ಹಗ್ಗ, ಗಾಲಿ, ಗ್ರೀಸಿನ ನಡುವೆ ನೇತಾಡಿದ ಮನುಷ್ಯ ನಿವೃತ್ತಿಯಾದ ಮೇಲೆ ಇನ್ನೇನು ಬಯಸಿಯಾನು ಹೇಳಿ? ಕಣ್ಣು ಹಾಯಿಸಿದಷ್ಟು ದೂರ ಬಯಲು. ಬಯಲೆಂದರೆ ಅವರ ಪಾಲಿಗೆ ನೀರು. ಕೆಲಸದಲ್ಲಿದ್ದಾಗ ರಜೆಯ ದಿನ ಮಾತ್ರ ಹೋಗುತ್ತಿದ್ದವರು ಈಗ ಚಳಿಗಾಲ ಕಾಲಿಟ್ಟದ್ದೇ ತಡ, ಗಾಳದ ಕೋಲನ್ನು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದರು. ಬೇಸಿಗೆಯಲ್ಲಿ ಗಾಳ ಹಾಕುವವರನ್ನು ಕಂಡರೆ ಅವರಿಗೆ ಒಂಥರಾ ತಾತ್ಸಾರ. "ಬಿಸಿಲಲ್ಲಿ ಯಾರು ಬೇಕಾದ್ರೂ ಕೂತ್ಕೋತಾರೆ. ಚಳೀಲಿ ಕೂತು ತೋರಿಸ್ಲಿ ನೋಡೋಣ" ಎನ್ನುತ್ತಿದ್ದರು.

ಎಲ್ಲಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗುತ್ತಿರಲಿಲ್ಲ. ಬಸ್‌ ಸ್ಟಾಪಿನಲ್ಲಿ ನಿಂತು ಗಾಳಿ ನೋಡಬೇಕು. ಗಾಳಿ ಬಿದ್ದಿದ್ದರೆ ಸಮುದ್ರದ ಬಸ್ಸು, ಬಂದರಿನ ಕಲ್ಲುಗೋಡೆ. ಗಾಳಿ ಎದ್ದಿದ್ದರೆ ಎದುರು ದಿಕ್ಕಿನ ಬಸ್ಸು, ಊರಾಚೆಯ ಕೆರೆ. ಆದ್ದರಿಂದ ಸಂಜೆ ಅವರು ಬಾಗಿಲಲ್ಲಿ ಬೂಟು ಬಿಚ್ಚುವಾಗ ಹೆಂಡತಿಯ ಮೊದಲ ಮಾತು ಒಂದೇ:

"ರೀ, ಇವತ್ತು ಉಪ್ಪೋ, ಸಿಹಿಯೋ?"

ಮೀನು ಸಿಕ್ಕಿತೇ ಇಲ್ಲವೇ ಎನ್ನುವುದು ಆಮೇಲೆ. ಕೋಲಿಗೆ ಕಟ್ಟಿ ದಾರ ಸುತ್ತುವ ರೀಲು ಇದೆಯಲ್ಲ, ಸಮುದ್ರಕ್ಕೆ ಹೋಗಿಬಂದ ದಿನ ಅದನ್ನು ಸಿಹಿನೀರಿನಲ್ಲಿ ತೊಳೆಯಲೇಬೇಕು. ಇಲ್ಲದಿದ್ದರೆ ಉಪ್ಪು ಒಳಗೊಳಗೇ ಕೂತು ಹಲ್ಲುಗಾಲಿಗಳನ್ನು ತಿಂದುಹಾಕುತ್ತದೆ. ಮದುವೆಯಾದ ಹೊಸತರಲ್ಲಿ ಲಿಫ್ಟಣ್ಣ ಒಮ್ಮೆ ತೊಳೆಯದೆ ಹಾಗೇ ಮಲಗಿಬಿಟ್ಟಿದ್ದರು. ಆಕೆ ಬೆಳಗ್ಗೆ ರೀಲನ್ನು ಕೈಯಿಂದ ಕಿತ್ತುಕೊಂಡಳು. "ಊರಿನ ಮಿಷಿನಿಗೆಲ್ಲ ಎಣ್ಣೆ ಬಿಡ್ತೀರ, ಮನೇದಕ್ಕೆ ದಿಕ್ಕಿಲ್ಲ. ಕೊಡಿ ಇಲ್ಲಿ." ಅಂದಿನಿಂದ ಆ ಕೆಲಸ ಆಕೆಯದೇ ಆಯಿತು. ಬಚ್ಚಲಲ್ಲಿ ಅದಕ್ಕೆಂದೇ ಒಂದು ನೀಲಿ ಟಬ್ಬು. ಪಕ್ಕದಲ್ಲಿ ಮುಚ್ಚಳದ ಬಕೆಟ್ಟು. ಅದರಲ್ಲಿ ಸಮುದ್ರದ ನೀರು, ನೀರಿನಲ್ಲಿ ಗಾಳಕ್ಕೆ ಸಿಕ್ಕಿಸಲು ತಂದ ಜೀವಂತ ಸಿಗಡಿಗಳು. ನೀಲಿ ಟಬ್ಬಿನ ನೀರಿಗೆ ಬಕೆಟ್ಟಿನ ಒಂದು ಹನಿ ಸಿಡಿದರೂ ಆಕೆ ಅಷ್ಟೂ ಚೆಲ್ಲಿ ಹೊಸ ನೀರು ಹಿಡಿಯುತ್ತಿದ್ದಳು.

ಆ ಹೆಂಗಸಿನ ಬಗ್ಗೆಯೇ ಈ ಚಳಿಗಾಲ ಜನ ಮಾತಾಡತೊಡಗಿದರು. ಮೊದಲು ಬಾಯಿಬಿಟ್ಟವಳು ಪಕ್ಕದ ಮನೆಯ ಟೈಲರಮ್ಮ. "ಅಣ್ಣ, ತಪ್ಪು ತಿಳ್ಕೋಬೇಡಿ. ಅಕ್ಕ ಇವತ್ತು ನಮ್ಮನೆ ಬಾಗ್ಲಿಗೆ ನಿಮ್ಮನೆ ಬೀಗದಕೈ ಹಾಕಿ ತಿರುಗಿಸ್ತಾ ನಿಂತಿದ್ರು. ಒಳಗಿಂದ ನಾನೇ ಹೋಗಿ ತೆಗೆದೆ." ಲಿಫ್ಟಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಎರಡೂ ಬಾಗಿಲಿಗೆ ಒಂದೇ ಬಣ್ಣ ಬಳಿದರೆ ಇನ್ನೇನಾಗುತ್ತದೆ ಎಂದು ಗದರಿ ಕಳಿಸಿದರು. ಆಮೇಲೆ ಮಗಳ ಫೋನು ಬಂತು. "ಅಪ್ಪಾ, ಅಮ್ಮ ನಿನ್ನೆ ಒಂದೇ ಮಾತನ್ನ ಮತ್ತೆ ಮತ್ತೆ ಕೇಳಿದ್ಳು. ಸ್ಟೌ ಉರೀತಾ ಬಿಟ್ಟು ಹೊರಗೆ ಹೋಗಿದ್ಳಂತೆ. ನೀನು ಅವಳೊಬ್ಬಳನ್ನೇ ಬಿಟ್ಟು ಹೋಗೋದು ನಿಲ್ಲಿಸ್ಬೇಕು. ಡಾಕ್ಟರಿಗೆ ತೋರಿಸೋಣ."

"ನಿಮ್ಮಮ್ಮಂಗೆ ಏನೂ ಆಗಿಲ್ಲ. ನನ್ನ ರೀಲು ತೊಳೆಯೋದನ್ನ ಒಂದಿನ ಮರೆತಿಲ್ಲ ಅವಳು. ಮರೆವಿನವರು ಹಾಗೆ ಮಾಡ್ತಾರಾ?" ಎಂದು ಫೋನು ಇಟ್ಟರು.

ಅದೇ ಅವರು ಹಿಡಿದುಕೊಂಡ ಹುಲ್ಲುಕಡ್ಡಿ. ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿದಾಗಲೂ ರೀಲನ್ನು ನೆನೆದರು. ಎಂದೋ ಸತ್ತುಹೋದ ತನ್ನ ತಮ್ಮ ಊಟಕ್ಕೆ ಬರುತ್ತಾನೆಂದು ಆಕೆ ಒಂದು ತಟ್ಟೆ ಇಟ್ಟಾಗಲೂ ರೀಲನ್ನೇ ನೆನೆದರು. ಹೆಂಡತಿಗೆ ಕಾಯಿಲೆ ಎಂದು ಒಪ್ಪಿದರೆ ಬರೀ ಗಾಳ ಹೋಗುವುದಿಲ್ಲ, ಆಕೆಯೂ ಹೋದಂತೆಯೇ ಎಂಬ ಹೆದರಿಕೆ ಅವರಿಗೆ. ಹಟವೆಲ್ಲ ಆ ಹೆದರಿಕೆಯದು. ರೀಲು ಈ ವರ್ಷ ಯಾಕೋ ಬಿಗಿಯಾಗಿ ತಿರುಗುತ್ತಿತ್ತು. ಜೀವನವಿಡೀ ಗಾಲಿಯ ಸದ್ದು ಕೇಳಿಯೇ ರೋಗ ಹೇಳಿದ ಮನುಷ್ಯ, ಚಳಿಗೆ ಗ್ರೀಸು ಗಟ್ಟಿಯಾಗಿದೆ ಎಂದುಕೊಂಡು ಸುಮ್ಮನಾದರು. ನೋಡಬೇಕೆಂದಿದ್ದರೆ ಅಂದೇ ಬಿಚ್ಚಿ ನೋಡುತ್ತಿರಲಿಲ್ಲವೇ?

ಗಾಳಿ ಎದ್ದ ಒಂದು ಬೆಳಗ್ಗೆ ಕೆರೆಗೆ ಹೋದರು. ದಂಡೆಯಲ್ಲಿ ಗಾಳದ ಗೆಳೆಯ ಕಂಡಕ್ಟರು ಆಗಲೇ ಬಂದು ಕೂತಿದ್ದ. ಬಸ್ಸಿನ ಕೆಲಸ ಬಿಟ್ಟು ವರ್ಷಗಳಾದರೂ ಅವನ ಬಾಯಿ ಮಾತ್ರ ಬಸ್ಸಿನಿಂದ ಇಳಿದಿರಲಿಲ್ಲ. ಗಾಳದ ದಾರಕ್ಕೆ ಕಟ್ಟಿದ ತೇಲುವ ಬೆಂಡಿನ ಸುತ್ತ ಸುಳಿಯುವ ಚಿಕ್ಕ ಮೀನುಗಳಿಗೆ, "ನಡೀರಿ, ಒಳಗೆ ನಡೀರಿ, ಬಾಗ್ಲಲ್ಲಿ ನಿಲ್ಬೇಡಿ" ಎಂದು ಕೂಗುತ್ತಿದ್ದ. ನೀರಿನ ಮೇಲೆ ಮಂಜು ಕವಿದಿತ್ತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಲಿಫ್ಟಣ್ಣನ ಬೆಂಡು ಒಂದೇ ಸಲಕ್ಕೆ ಮುಳುಗಿತು. ಕೋಲು ಬಿಲ್ಲಾಯಿತು. ದೊಡ್ಡ ಮೀನು, ಅಂಥದ್ದು ಈ ಕೆರೆಯಲ್ಲಿ ಅಪರೂಪ. ಅದು ಒಳಕ್ಕೆ ಓಡಿತು, ಓಡುವ ಮೀನಿಗೆ ರೀಲು ದಾರ ಬಿಡಬೇಕು. ರೀಲು ಕರಕ್ಕೆಂದು ಅಲ್ಲೇ ಹಿಡಿದುಕೊಂಡಿತು. ಹಿಡಿಕೆ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ದಾರ ಪಟ್ಟನೆ ಕಡಿದುಹೋಯಿತು.

ಅವರು ಜೇಬಿನ ಸ್ಕ್ರೂಡ್ರೈವರ್ ತೆಗೆದು ಅಲ್ಲೇ ಕೂತು ರೀಲು ಬಿಚ್ಚಿದರು. ಒಳಗೆಲ್ಲ ಬೆಳ್ಳಗೆ ಉಪ್ಪು ಕಟ್ಟಿತ್ತು. ಒಂದು ದಿನದ ಉಪ್ಪಲ್ಲ, ಇಡೀ ಚಳಿಗಾಲದ್ದು.

ಕಂಡಕ್ಟರು ಬಗ್ಗಿ ನೋಡಿದ. "ಅಯ್ಯಯ್ಯೋ, ತೊಳೆದೇ ಇಲ್ವಲ್ಲ ಲಿಫ್ಟಣ್ಣ! ಅತ್ತಿಗೆ ತೊಳೀತಿದ್ರಲ್ಲ?"

"ಈ ವರ್ಷ ನಾನೇ ತೊಳೀತೀನಿ ಅಂದಿದ್ದೆ ಕಂಡಕ್ಟ್ರೇ. ಮರೆತೆ." ಸುಳ್ಳು ತಾನಾಗಿ ಬಂತು. ಅವತ್ತು ಅವರು ಮತ್ತೆ ಗಾಳ ಹಾಕಲಿಲ್ಲ.

ಮನೆಗೆ ಬಂದು ಬೂಟು ಬಿಚ್ಚುತ್ತಿರುವಾಗ ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ರೀ, ಉಪ್ಪೋ, ಸಿಹಿಯೋ?"

ಲಿಫ್ಟಣ್ಣ ಮತ್ತೆ ಜೋಡಿಸಿ ತಂದಿದ್ದ ರೀಲನ್ನು ಆಕೆಯ ಕೈಗಿಟ್ಟರು. "ಉಪ್ಪು" ಎಂದರು. ಹೆಂಡತಿಗೇ ಬಲೆ ಒಡ್ಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಹಿಂದೆಯೇ ಹೋಗಿ ಬಚ್ಚಲ ಬಾಗಿಲಲ್ಲಿ ನಿಂತರು.

ಆಕೆ ಮಣೆಯ ಮೇಲೆ ಕೂತಳು. ತುಂಬಿಟ್ಟಿದ್ದ ನೀಲಿ ಟಬ್ಬನ್ನು ಅಡ್ಡವಾಯಿತೆಂಬಂತೆ ಗೋಡೆಗೆ ಸರಿಸಿದಳು. ಬಕೆಟ್ಟಿನ ಮುಚ್ಚಳ ತೆಗೆದು, ಸಿಗಡಿಗಳು ದಿಕ್ಕಾಪಾಲಾಗುವಂತೆ ರೀಲನ್ನು ಅದರಲ್ಲಿ ಅದ್ದಿದಳು. ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ ನೋಡಿದಳು, ತಿರುಗದಿದ್ದಾಗ ಒತ್ತಾಯ ಮಾಡಲಿಲ್ಲ. ಹಳೇ ಬನಿಯನ್ ಚೂರಿನಿಂದ ಸಂದುಸಂದು ಒರೆಸಿದಳು. ಮತ್ತೆ ಅದ್ದಿದಳು. ಕೈ ಒಂದನ್ನೂ ಮರೆತಿರಲಿಲ್ಲ. ಯಾವ ನೀರು ಎನ್ನುವುದೊಂದು ಮರೆತುಹೋಗಿತ್ತು.

ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಲಿಫ್ಟಣ್ಣನಿಗೆ ಬೇಡವಾಯಿತು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಆ ನೀರು ಸ್ವಲ್ಪ ನಾಲಿಗೆಗೆ ಹಚ್ಕೊಂಡು ನೋಡೇ" ಎಂದರು.

ಆಕೆ ಬೆರಳು ನೆಕ್ಕಿ ಮುಖ ಕಿವುಚಿದಳು. "ಥೂ! ಉಪ್ಪು! ಯಾರ್ರೀ ಇದ್ರಲ್ಲಿ ರೀಲು ಅದ್ದಿದ್ದು? ಹಾಳಾಗಿ ಹೋಗಲ್ವಾ?"

"ನಾನೇ ಕಣೇ. ಮರೆತುಬಿಟ್ಟೆ."

"ಮರೆಯೋದೇ ಆಯ್ತು ನಿಮ್ದು. ವಯಸ್ಸಾಯ್ತು ನಿಮಗೆ. ಇನ್ಮೇಲೆ ಇದನ್ನ ಮುಟ್ಟಬೇಡಿ, ನಾನೇ ತೊಳೀತೀನಿ." ಹಾಗೆಂದವಳು ಅವರ ಮುಖ ನೋಡಿ ಗಾಬರಿಯಾದಳು. "ಅಯ್ಯೋ, ಇಷ್ಟಕ್ಕೆಲ್ಲ ಕಣ್ಣಲ್ಲಿ ನೀರಾ? ಹೋಗ್ಲಿ ಬಿಡಿ, ರೀಲು ತಾನೇ."

ಅವರು ಮಗಳಿಗೆ ಫೋನು ಮಾಡಿದರು. "ನೀನು ಹೇಳಿದ್ದೇ ಸರಿ ಮಗಳೇ. ಡಾಕ್ಟರನ್ನ ನೋಡೋಣ" ಎಂದರು. ಆ ಕಡೆಯಿಂದ ಮಗಳು ಅಳತೊಡಗಿದಳು, ಅವರೂ ಅತ್ತರು.

ಮರುದಿನ ಟೈಲರಮ್ಮನನ್ನು ಮನೆಯಲ್ಲಿ ಕೂರಿಸಿ, ಬಕೆಟ್ಟನ್ನು ಹಿಡಿದು ಸಮುದ್ರದ ಬಸ್ಸು ಹತ್ತಿದರು. ಕೋಲು ಒಯ್ಯಲಿಲ್ಲ. ಕಲ್ಲುಗೋಡೆಯ ತುದಿಯಲ್ಲಿ ಉಳಿದ ಸಿಗಡಿಗಳನ್ನು ನೀರಿಗೆ ಬಿಟ್ಟು, ಖಾಲಿ ಬಕೆಟ್ಟನ್ನು ಅಲ್ಲಿದ್ದ ಗಾಳದವನೊಬ್ಬನ ಕೈಗಿಟ್ಟು ಬಂದರು. ಸಮುದ್ರದ ಋಣ ಅಷ್ಟಕ್ಕೇ ತೀರಿತು. ಅಲೆ ಬಡಿಯುವ ಆ ಗೋಡೆಯ ಮೇಲೆ ಆಕೆಯನ್ನು ಕೂರಿಸಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ. ಮನೆಯಲ್ಲಿ ಬಿಟ್ಟು ಹೋಗುವ ಮಾತಂತೂ ಇಲ್ಲ.

ಡಾಕ್ಟರು ಮಾತ್ರೆ ಬರೆದುಕೊಟ್ಟು, ಕೈಗೆ ಅಭ್ಯಾಸವಿರುವ ಕೆಲಸ ಬಿಡಿಸಬೇಡಿ ಎಂದರು. ರೀಲನ್ನು ಬಿಚ್ಚಿ, ತಿಕ್ಕಿ, ಎಣ್ಣೆ ಬಿಟ್ಟು ಲಿಫ್ಟಣ್ಣ ಮತ್ತೆ ತಿರುಗುವ ಹಾಗೆ ಮಾಡಿದರು. ಆಮೇಲೆ ಒಂದು ದಿನ ಆಕೆಗೆ ಸ್ವೆಟರಿನ ಮೇಲೆ ಸ್ವೆಟರು ಹಾಕಿಸಿ ಕೆರೆಗೆ ಕರೆದುಕೊಂಡು ಹೋದರು. ಕಂಡಕ್ಟರು ತನ್ನ ಸ್ಟೂಲು ಬಿಟ್ಟುಕೊಟ್ಟ. "ಬನ್ನಿ ಅತ್ತಿಗೆ, ಕಿಟಕಿ ಪಕ್ಕದ ಸೀಟು ನಿಮಗೇ." ಆಕೆ ನಕ್ಕಳು. ದಿನವಿಡೀ ಗಂಡನ ಮಗ್ಗುಲಲ್ಲಿ ಕೂತು ಬೆಂಡು ನೋಡಿದಳು, ನೀರಿಗೆ ಬ್ರೆಡ್ಡಿನ ಚೂರು ಎಸೆದಳು, ಒಮ್ಮೆ ಬಗ್ಗಿ ಕೆರೆಯ ನೀರಿನಲ್ಲೇ ಕೈ ತೊಳೆದಳು. ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ವಾಪಸಾದರು. ಬೀಗ ತೆಗೆದು ಒಟ್ಟಿಗೇ ಒಳಗೆ ಬಂದರು.

ಲಿಫ್ಟಣ್ಣ ಬೂಟು ಬಿಚ್ಚಲು ಬಗ್ಗಿದರು. ಎದುರಿಗೆ ಬಂದು ನಿಂತ ಆಕೆ ಕೇಳಿದಳು, "ಬಂದ್ರಾ? ಇವತ್ತು ಉಪ್ಪೋ, ಸಿಹಿಯೋ?"

ಅವರು ತಲೆಯೆತ್ತಿದರು. ಸಿಹಿ ಎಂದರೆ ಆಕೆಗೆ ಮಾಡಲು ಕೆಲಸವಿಲ್ಲ. ಎರಡೂ ಕೈ ಆಗಲೇ ರೀಲಿಗಾಗಿ ಚಾಚಿಕೊಂಡಿದ್ದವು.

"ಉಪ್ಪು ಕಣೇ" ಎಂದರು.

"ಈ ಚಳೀಲಿ ಸಮುದ್ರಕ್ಕೆ ಹೋಗ್ಬೇಡಿ ಅಂದ್ರೆ ಕೇಳಲ್ಲ ನೀವು" ಎಂದು ಗೊಣಗುತ್ತ ಆಕೆ ರೀಲು ತೆಗೆದುಕೊಂಡು ಬಚ್ಚಲಿಗೆ ಹೋದಳು. ಅಲ್ಲಿ ಈಗ ನೀಲಿ ಟಬ್ಬು ಒಂದೇ ಇತ್ತು.