ಇಪ್ಪತ್ತೊಂದು ತುಂಬಲಿ ಎನ್ನುವ ಅರುಣಕುಮಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂಗಾರಪೇಟೆಯ ಸಂತಾನ ಚಿಕಿತ್ಸೆಯ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಿರುವ ಅರುಣಕುಮಾರಿ ಬಟ್ಟೆ ಬಿಸಾಕಿ ಗೇಟಿಗೆ ಓಡುತ್ತಾರೆ. ಕಾಮಸಮುದ್ರದ ಬಸ್ಸು ಬಂತೇ? ಇಲ್ಲ. ವಾಪಸ್ ಬಂದು ಒಂದಿಷ್ಟು ಒರೆಸುತ್ತಾರೆ, ಮತ್ತೆ ಗೇಟು. ಅವರ ಬಗ್ಗೆ ಬರೆಯಲೆಂದು ಬಂದು ಹಿಂದೆ ಸುತ್ತಿ ಸುತ್ತಿ ನನಗೇ ಸುಸ್ತು. ಒಂದು ಗಳಿಗೆ ಕೂತ್ಕೊಳ್ಳಿ ತಾಯಿ ಎಂದರೆ, "ಕೂತ್ರೆ ಎದೆ ಡವಡವ ಅಂತೈತೆ ಸಾರ್" ಅನ್ನುತ್ತಾರೆ.

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನು ಮನೆಯಿಂದ ಮೊದಲ ರೈಲಿಗೆ ಬರುವ ಈಕೆ ಇಲ್ಲಿ ಆಯಾ. ಕನ್ನಡ, ತೆಲುಗು, ತಮಿಳು ಮೂರೂ ನೀರು ಕುಡಿದಷ್ಟು ಸಲೀಸು. ಹಾಗಾಗಿ ಡಾಕ್ಟರ ಮಾತನ್ನು ಹಳ್ಳಿಯ ಹೆಂಗಸರಿಗೆ ತಿಳಿಸುವ ಕೆಲಸವೂ ಇವರ ಹೆಗಲಿಗೇ. ವೀರ್ಯ ದಾನಿಯ ನೆರವಿನಿಂದ ಮಗು ಪಡೆಯಲು ಬರುವ ಹೆಣ್ಣಿಗೆ ಇಪ್ಪತ್ತೊಂದು ತುಂಬಿರಬೇಕು ಅನ್ನುತ್ತದೆ ಕಾನೂನು. ನಿಯಮ ಬರೆದವರು ಎಲ್ಲೋ ತಣ್ಣಗಿದ್ದಾರೆ. ಅದನ್ನು ಅತ್ತೆಯಂದಿರ ಮುಖದ ಮೇಲೆ ಹೇಳಿ ಬೈಸಿಕೊಳ್ಳುವವರು ಇವರು!

ಕಳೆದ ವರ್ಷ ಕಾಮಸಮುದ್ರದ ಕಡೆಯಿಂದ ಮಂಗಮ್ಮ ಸೊಸೆ ಲಿಖಿತಳನ್ನು ಕರೆತಂದಿದ್ದರು. (ಇಬ್ಬರ ಹೆಸರನ್ನೂ ಬದಲಿಸಿದ್ದೇನೆ.) ವಯಸ್ಸು ಕೇಳಿದರೆ ಇಪ್ಪತ್ತೊಂದು ಎಂದರು. ಸುಳ್ಳೇನಲ್ಲ. ನಮ್ಮ ಕಡೆ ನಡೆಯುತ್ತಿರುವ ವರ್ಷವನ್ನೇ ವಯಸ್ಸು ಅನ್ನುವುದು ವಾಡಿಕೆ. ಹುಡುಗಿಗೆ ತುಂಬಿದ್ದು ಇಪ್ಪತ್ತು. ಡಾಕ್ಟರು ಆಗಲ್ಲ ಎಂದರು. "ಮದ್ವೆಗೆ ಅದಿನೆಂಟು ಸಾಕು, ಮಗೀಗೆ ಇಪ್ಪತ್ತೊಂದಾ? ಇದ್ಯಾವ ಸೀಮೆ ನ್ಯಾಯಮ್ಮಾ! ಬ್ಯಾರೆ ಕಡೆ ಕರ್ಕೊಂಡೋಗ್ತೀನಿ, ಆಗ್ನಿಲ್ಲಾಂದ್ರೆ ತವರಿಗೆ ಬುಟ್ಟು ಬತ್ತೀನಿ" ಎಂದು ಮಂಗಮ್ಮ ಎಗರಾಡಿದರು. ಕೊರತೆ ಇದ್ದದ್ದು ಮಗನಲ್ಲಿ ಎಂದು ಆ ತಾಯಿಗೆ ಹೇಳುವ ಧೈರ್ಯ ಮಗನಿಗೇ ಇರಲಿಲ್ಲ.

ಆವತ್ತು ಅರುಣಕುಮಾರಿ ಲಿಖಿತಳನ್ನು ಪಕ್ಕಕ್ಕೆ ಕರೆದು, "ನಿಂಗೆ ಬೇಕಾ ಕಣ್ಣೂ?" ಎಂದು ತಮಿಳರ ಮುದ್ದಿನ ಮಾತು ಸೇರಿಸಿ ಕೇಳಿದ್ದರು. ಹುಡುಗಿ ತಿರುಗಿ ಅತ್ತೆಯ ಮುಖ ನೋಡಿದಳು. ಯುಗಾದಿಗೆ ಇಪ್ಪತ್ತೊಂದು ತುಂಬುತ್ತದೆ, ಅದು ಕಳೆದ ಮೇಲೆ ಬನ್ನಿ ಎಂದು ಅತ್ತೆಯನ್ನು ಕಾಡಿ ಬೇಡಿ ಒಪ್ಪಿಸಿದ್ದೂ ಇವರೇ. ಈಗ ಯುಗಾದಿ ಕಳೆದಿದೆ. ನಿನ್ನೆ ಬರಬೇಕಿತ್ತು, ಬರಲಿಲ್ಲ. ವಯಸ್ಸೇ ಕೇಳದ ಯಾರದೋ ಕೈಗೆ ಒಪ್ಪಿಸಿಬಿಟ್ಟರೋ? ತವರಿಗೇ ಅಟ್ಟಿದರೋ?

"ನಂದಿದುರ್ಗ ಗಣಿ ಮುಚ್ಚಿ ಕೆಲ್ಸ ಓದ್ ವರ್ಷ ನಮ್ಮಪ್ಪ ಅವಸರಕ್ಕೆ ನನ್ ಮದ್ವೆ ಮಾಡ್ಬುಟ್ರು ಸಾರ್. ಅದಿನೇಳು. ಮುಂದಿನ್ ವರ್ಷಾನೇ ಮಗು, ಉಳೀಲಿಲ್ಲ. ನಿಂಗೆ ಬೇಕಾ ಅಂತ ಒಬ್ರೂ ಕೇಳ್ನಿಲ್ಲ." ಹೇಳುತ್ತಲೇ ಅರುಣಕುಮಾರಿ ಮತ್ತೆ ಗೇಟಿಗೆ.

ಬಸ್ಸು ಬರುತ್ತದೆ. ಮಂಗಮ್ಮ ಇಳಿಯುತ್ತಾರೆ, ಹಿಂದೆಯೇ ಲಿಖಿತ. "ತುಂಬ್ತಮ್ಮಾ, ಈಗೇನಂತೀಯಾ?" ಎಂದು ಅತ್ತೆ ಬೆಂಚು ಹಿಡಿಯುತ್ತಾರೆ. ಅರುಣಕುಮಾರಿ ಹುಡುಗಿಯನ್ನು ನಲ್ಲಿಯ ಹತ್ತಿರ ಕರೆದು ಅದೇ ಪ್ರಶ್ನೆ ಕೇಳುತ್ತಾರೆ. ಈ ಸಲ ಹುಡುಗಿ ಇವರ ಮುಖ ನೋಡುತ್ತಾಳೆ. "ಬೇಕಕ್ಕಾ. ಆದ್ರೆ ಈಗ್ಲೇ ಬ್ಯಾಡ. ಅತ್ತೆಗೆ ಏಳಕ್ಕೆ ಬಯ."

"ಏನ್ಲೇ ಅದು, ಬೇಗ ಬಾ!" ಬೆಂಚಿನಿಂದ ಕೂಗು.

"ಇರತ್ತೆ, ಮಾತಾಡ್ತಾ ಇದೀನಿ" ಅನ್ನುತ್ತಾಳೆ ಲಿಖಿತ.

ಅರುಣಕುಮಾರಿ ನೇರ ಮಂಗಮ್ಮನ ಮುಂದೆ ನಿಲ್ಲುತ್ತಾರೆ. "ನಾನೇ ತಡೀರಿ ಅಂದೆ ಕಣಮ್ಮಾ. ಇನ್ನೊಂದ್ ವರ್ಷ ಓಗ್ಲಿ. ಬೈಯೋದಿದ್ರೆ ನನ್ನೇ ಬೈಯಿ." ಮಂಗಮ್ಮ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಕೊನೆಗೆ ಬಾಯಾರಿ ನೀರು ಕೇಳುತ್ತಾರೆ. ಕುಡಿದು, ಸೊಸೆಗೂ ಲೋಟ ಚಾಚಿ, "ನಡಿ, ಮುಂದಿನ್ ಯುಗಾದಿಗೆ ಬರಾನ, ಬಸ್ಸು ಓಗ್ತೈತೆ" ಎಂದು ಹೊರಡುತ್ತಾರೆ.

ಅರುಣಕುಮಾರಿ ಮೆಟ್ಟಿಲ ಮೇಲೆ ಕುಸಿದು ಕೂರುತ್ತಾರೆ. ಬೆಳಗಿನಿಂದ ಕೂತಿದ್ದು ಇದೇ ಮೊದಲು.

"ಬೈಗುಳ ಎಲ್ಲಾ ನಂಗೇ ಬಿತ್ತು. ಆ ಮಗೀಗೆ ಒಂದೂ ಬೀಳ್ನಿಲ್ಲ, ನೋಡಿದ್ರಾ ಸಾರ್?"