ನಡುಗೋಡೆಯ ಬಿಸಿ

ಒಂದು ಕಳ್ಳತನವನ್ನು ಒಪ್ಪಿಕೊಳ್ಳಬೇಕಿದೆ. ಐದು ವರ್ಷಗಳಿಂದ ನಮ್ಮ ಮನೆಯ ಇಡ್ಲಿ ಹಿಟ್ಟು ಪಕ್ಕದ ಮನೆಯವರ ಬೆಂಕಿಯ ಬಿಸಿಗೆ ಹುದುಗುತ್ತಿತ್ತು. ನೈರೋಬಿಗೆ ಬಂದ ಮೇಲೆ ಮಟಾಟು ವ್ಯಾನಿನ ಕಂಡಕ್ಟರಿಗೂ ‘ಅಸಾಂಟೆ’ ಎಂದು ಧನ್ಯವಾದ ಹೇಳಿ ಇಳಿಯುವ ನಾನು, ಅವರಿಗೆ ಮಾತ್ರ ಹೇಳಿರಲಿಲ್ಲ.

ನೈರೋಬಿಯ ಹೈರಿಡ್ಜ್ ಬಡಾವಣೆಯಲ್ಲಿ ನಾವಿರುವುದು ಎಂಟು ಮನೆಗಳ ಒಂದು ಸಾಲಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಾಲುಮನೆಗಳನ್ನು ನೆನೆದುಕೊಂಡು ಯಾರೋ ಕಟ್ಟಿಸಿದ್ದು. ಬ್ಯಾಂಕಿನ ಕೆಲಸದ ಮೇಲೆ ಹಿಂದೊಮ್ಮೆ ಆ ದೇಶಕ್ಕೆ ಹೋದಾಗ ಅಸಲಿ ಸಾಲೊಂದನ್ನು ನೋಡಿದ್ದೆ. ಕಟ್ಟಿದವರು ಜಾಣರು. ಕಿರಿದಾದ ಮನೆಗಳನ್ನು ಒಂದಕ್ಕೊಂದು ಅಂಟಿಸಿ, ಎಲ್ಲಕ್ಕೂ ಒಂದೇ ಬಿಳಿ ಗಾರೆ ಬಳಿದು, ನಡುವಿನ ಮನೆಯ ನೆತ್ತಿಗೆ ತ್ರಿಕೋನದ ಕಿರೀಟವಿಟ್ಟರೆ ಇಡೀ ಬೀದಿ ಒಂದೇ ಅರಮನೆಯಂತೆ ಕಾಣುತ್ತದೆ. ಹಿಂದೆ ಹೋಗಿ ನೋಡಿದರೆ ಗಾರೆ ಕಾಣದ ಇಟ್ಟಿಗೆ, ಕೊಳಾಯಿ, ಒಣಹಾಕಿದ ಬಟ್ಟೆ. ಮೈಸೂರಿನ ವಠಾರದಲ್ಲಿ ಬೆಳೆದ ನನಗೆ ಆ ಹಿಂಭಾಗ ಕಂಡೊಡನೆ, ಇವರೂ ನಮ್ಮವರೇ ಅನ್ನಿಸಿತು.

ಆದರೆ ಈ ಮನೆಗಳ ಗುಟ್ಟಿರುವುದು ನಡುಗೋಡೆಯಲ್ಲಿ. ಎರಡು ಮನೆಗೆ ಒಂದೇ ಗೋಡೆ. ಆಚೆಗೊಂದು ಈಚೆಗೊಂದು ಅಗ್ಗಿಷ್ಟಿಕೆ, ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಹೊಗೆಯ ದಾರಿ ಬೇರೆ ಬೇರೆ, ಬಿಸಿ ಮಾತ್ರ ಇಬ್ಬರಿಗೂ. ನಮ್ಮ ಅಗ್ಗಿಷ್ಟಿಕೆಯಲ್ಲಿದ್ದದ್ದು ಇಂಟರ್ನೆಟ್ಟಿನ ಡಬ್ಬ. ಸೌದೆಗೆ ಬೆಂಕಿ ಹೊತ್ತಿಸುವ ವಿದ್ಯೆ ನನಗೆ ಬಾರದು. ಆಚೆಮನೆಯ ಲಿಲ್ಲಿ ಆಂಟಿ, ಮಂಗಳೂರು ಕಡೆಯ ನಿವೃತ್ತ ಟೀಚರ್, ಇಲ್ಲಿಯ ಜೂನ್-ಜುಲೈ ಚಳಿಗಾಲದಲ್ಲಿ ಪ್ರತಿ ಸಂಜೆ ಹೊತ್ತಿಸುತ್ತಿದ್ದರು. ಜುಲೈ ತಿಂಗಳ ನೈರೋಬಿಯಲ್ಲಿ ಹಿಟ್ಟು ತಾನಾಗಿ ಹುದುಗುವುದು ಕನಸಿನ ಮಾತು. ನನ್ನ ಹೆಂಡತಿ ಸುಮಾ ಪಾತ್ರೆಯನ್ನು ಆ ಗೋಡೆಗೆ ತಾಗಿಸಿ ಇಡುತ್ತಿದ್ದಳು. ಬೆಳಿಗ್ಗೆ ಹಿಟ್ಟು ಮುಚ್ಚಳವನ್ನೇ ಎತ್ತಿ ನಿಂತಿರುತ್ತಿತ್ತು.

ಈ ಜುಲೈಯ ಒಂದು ಶನಿವಾರ ಹಿಟ್ಟು ಅಲ್ಲಾಡದೆ ಮಲಗಿತ್ತು. ಸುಮಾ ಗೋಡೆಯ ಮೇಲೆ ಕೈಯಿಟ್ಟು, “ತಣ್ಣಗಿದೆ ರೀ. ಆಂಟಿಗೆ ಏನಾಯ್ತೋ, ಹೋಗಿ ನೋಡ್ಕೊಂಡ್ ಬನ್ನಿ” ಎಂದಳು. ಇಡ್ಲಿಯ ಚಿಂತೆ ಅಲ್ಲಿಗೆ ಮುಗಿದು ಬೇರೆ ಹೆದರಿಕೆ ಹತ್ತಿತು.

ಆಂಟಿ ಎರಡೆರಡು ಸ್ವೆಟರ್ ತೊಟ್ಟು ಕುರ್ಚಿಯಲ್ಲಿ ಮುದುಡಿದ್ದರು. ಎದೆಯಲ್ಲಿ ಕಫ, ಇನ್ನು ಮೇಲೆ ಮನೆಯಲ್ಲಿ ಹೊಗೆಯೇ ಕೂಡದೆಂದು ಡಾಕ್ಟರು ಹೇಳಿದ್ದರಂತೆ. “ಹೀಟರ್ ಹಾಕಿದ್ರೆ ಗಂಟಲು ಒಣಗ್ತದೆ. ಎಂತ ಮಾಡುದು?” ಎಂದರು. ನಾನು ತಣ್ಣಗಿದ್ದ ನಡುಗೋಡೆಯತ್ತ ನೋಡಿ, ಹಿಟ್ಟಿನ ಕಳ್ಳತನವನ್ನು ಒಪ್ಪಿಕೊಂಡುಬಿಟ್ಟೆ.

“ಗೊತ್ತುಂಟು ಮಾರಾಯ್ರೆ. ಪ್ರತಿ ಶನಿವಾರ ಸುಮಾ ನನಗೆ ಇಡ್ಲಿ ತಂದು ಕೊಡುದಿಲ್ವಾ? ಅದಕ್ಕೇ ಶುಕ್ರವಾರ ಎರಡು ತುಂಡು ಕಟ್ಟಿಗೆ ಜಾಸ್ತಿ ಹಾಕ್ತಾ ಇದ್ದದ್ದು.”

ಕದ್ದೆನೆಂದು ನಾನು ಅಂದುಕೊಂಡಿದ್ದನ್ನು ಅವರು ಐದು ವರ್ಷ ಕೈಯಾರೆ ಕೊಡುತ್ತಿದ್ದರು. ನನ್ನ ಕಣ್ಣು ತುಂಬಿತು.

ಮನೆಗೆ ಬಂದು ಹೇಳಿದರೆ, ಮಗಳು ಫೋನಿನಿಂದ ತಲೆ ಎತ್ತದೆಯೇ, “ಅಪ್ಪಾ, ಜಸ್ಟ್ ನಮ್ಮ ಫೈರ್‌ಪ್ಲೇಸ್ ಲೈಟ್ ಮಾಡೋಣ” ಎಂದಳು. ಇಂಟರ್ನೆಟ್ಟಿನ ಡಬ್ಬ ಕಪಾಟು ಹತ್ತಿತು. ಚಿಮಣಿ ಗುಡಿಸಿಸಿದೆವು. ಗುರುವಾರ ಸಂಜೆ ಅರ್ಧ ಬೆಂಕಿಪೊಟ್ಟಣ ಖರ್ಚು ಮಾಡಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು, ಅಂತೂ ಬೆಂಕಿ ಹೊತ್ತಿಸಿದೆ. ಸೌದೆ ನಿಗಿನಿಗಿ ಅಂದ ಮೇಲೆ ಆಚೆಮನೆಗೆ ಓಡಿದೆ.

ಆಂಟಿ ಕುರ್ಚಿ ಎಳೆದುಕೊಂಡು, ನಡುಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು.

“ಬಂತಾ ಆಂಟಿ?”

“ತಡೀರಿ. ಗೋಡೆ ದಪ್ಪ ಉಂಟಲ್ಲ.”

ಕಾದೆವು. ಬಿಗಿದಿದ್ದ ಅವರ ಭುಜಗಳು ನಿಧಾನವಾಗಿ ಸಡಿಲಾದವು.

“ಹಾಂ, ಈಗ ಬಂತು” ಎಂದು ಕಣ್ಣು ಮುಚ್ಚಿದರು. ಹಾಗೇ ಅಂದರು: “ನಾಳೆ ನಾನೂ ಹಿಟ್ಟು ಇಡ್ತೇನೆ. ಎರಡು ತುಂಡು ಜಾಸ್ತಿ ಹಾಕಿ, ಆಯ್ತಾ?”